ದಣಿವಾರದ ಅಮ್ಮನ ಇಗರ್ಜಿ

ಪೋರ್ಚುಗಲ್ ದೇಶದ ವಿಲಾರಿಯ ಅನ್ನೋ ಬಂದರಲ್ಲಿ ಹಡಗಿಂದ ಇಳಿದವರಿಗೆ ಮೊದಲು ಕಾಣೋದು ಒಂದು ಬೋಳು ಗುಡ್ಡ, ಅದರ ನೆತ್ತಿ ತನಕ ಹೋಗೋ ಕಲ್ಲಿನ ಮೆಟ್ಟಿಲು. ಹತ್ತುವಾಗ ಎಣಿಸಿದರೆ ನಾನೂರ ಹನ್ನೆರಡು, ಇಳಿಯುವಾಗ ಎಣಿಸಿದರೆ ಮುನ್ನೂರೂ ಇಲ್ಲ. ಇಪ್ಪತ್ತು ವರ್ಷ ಆ ಊರಲ್ಲಿ ಹಡಗಿನವರಿಗೆ ಅಡುಗೆ ಮಾಡಿಕೊಂಡಿದ್ದವನು ನಾನು, ನನ್ನ ಬಾಯಿ ಹೇಗಾದರೂ ಇರಲಿ, ಮಂಡಿ ಸುಳ್ಳು ಹೇಳಲ್ಲ. ಬೇರೆ ಊರಲ್ಲಿ ಇಗರ್ಜಿ ಗುಡ್ಡದ ತುದೀಲಿರುತ್ತೆ, ಇಲ್ಲಾ ಬುಡದಲ್ಲಿ. ಇಲ್ಲಿ ಸರಿಯಾಗಿ ಅರ್ಧ ದಾರೀಲಿ, ಮೆಟ್ಟಿಲಿಗೆ ಅಡ್ಡವಾಗಿ, ಏದುಸಿರು ಬಿಟ್ಟುಕೊಂಡು ಕೂತ ಹಾಗಿದೆ. ಹೆಸರು ದಣಿವಾರದ ಅಮ್ಮನ ಇಗರ್ಜಿ. ಯಾಕೆ ಆ ಹೆಸರು ಅಂತ ಅಲ್ಲಿನ ಪಾದ್ರಿಗಳನ್ನ ಕೇಳಬೇಡಿ, ಒಂದೇ ಸಾಲಲ್ಲಿ ಮುಗಿಸಿಬಿಡುತ್ತಾರೆ.

ಹಿಂದೆ ಒಂದು ಕಾಲಕ್ಕೆ, ನಾನೂರು ವರ್ಷ ಆಗಿರಬಹುದು, ನೀವು ಮನಸ್ಸಿಟ್ಟು ಕೇಳಿದರೆ ಐನೂರು, ಅಲ್ಲಿನ ಬಿಷಪ್ಪರಿಗೆ ಗುಡ್ಡದ ನೆತ್ತಿ ಮೇಲೆ ಇಗರ್ಜಿ ಕಟ್ಟಿಸೋ ಆಸೆ ಹುಟ್ಟಿತು. ಮೇಲೆ ಹನಿ ನೀರಿಲ್ಲ. ಗಾರೆ ಕಲಸೋಕೆ ಬೇಕಾದ ನೀರನ್ನೆಲ್ಲ ಕೆಳಗಿನ ಬಾವಿಯಿಂದ ತಲೆ ಮೇಲೆ ಹೊತ್ತವಳು ಕಿತೇರಿಯ ಅನ್ನೋ ಮುದುಕಿ. ಇನ್ನೂ ಹತ್ತು ಜನ ಇದ್ದರು ಅಂತಾರೆ, ಇರಲಿ, ಅಷ್ಟು ಜನಕ್ಕೆ ಈ ಕಥೆಯಲ್ಲಿ ಜಾಗ ಇಲ್ಲ. ಹದಿನಾಲ್ಕು ವರ್ಷ ಹೊತ್ತಳು. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಸಮುದ್ರ ತಿಂದಿತ್ತು. ಅಮ್ಮನ ಮೂರ್ತಿ ಮುಂದೆ ಭಾನುವಾರ ಭಾನುವಾರ ಕೂತು ಆ ಮೂರು ಹೆಸರು ಹೇಳಬೇಕು, ಅವಳಿಗಿದ್ದ ಆಸೆ ಅದೊಂದೇ. ಗೋಡೆ ಎದ್ದು ಹೆಂಚು ಕೂರೋ ಹೊತ್ತಿಗೆ ಅವಳ ಮಂಡಿ ಎರಡೂ ಕೈಕೊಟ್ಟವು. ಅರ್ಧ ದಾರಿ ತನಕ ಹೇಗೋ ತೆವಳುತ್ತಿದ್ದಳು, ಅದರ ಮೇಲೆ ಆಗುತ್ತಿರಲಿಲ್ಲ. ಕೆಳಗೊಂದು ಸಣ್ಣ ಗೂಡಾದರೂ ಕಟ್ಟಿಸಿಕೊಡಿ ಸ್ವಾಮಿ ಅಂತ ಬಿಷಪ್ಪರ ಕಾಲು ಹಿಡಿದಳು. "ಹತ್ತು ತಾಯಿ, ಹತ್ತೋದೂ ಪ್ರಾರ್ಥನೆಯೇ" ಅಂದರಂತೆ ಅವರು. ಅಂದಿದ್ದು ನಾಲ್ಕು ಜನ ಹೊತ್ತ ಕುರ್ಚಿ ಮೇಲೆ ಕೂತುಕೊಂಡು.

ಆ ಊರಿನ ಹಮಾಲಿಗಳಿಗೆ ಒಂದು ಕಟ್ಟಳೆ ಇತ್ತು. ಅರ್ಧ ದಾರೀಲಿ ಹೊರೆ ಇಳಿಸೋಕೆ ಅಂತ ಒಂದು ದೊಡ್ಡ ಚಪ್ಪಡಿ ಕಲ್ಲು. ಹೊರೆ ಹೊತ್ತು ಆ ಕಲ್ಲಿಗೆ ಬಂದವರು ತಾವೇ ಬಾಯಿಬಿಟ್ಟು "ದಣಿವಾರಿತು" ಅನ್ನೋ ತನಕ ಅವರನ್ನ ಯಾರೂ ಎಬ್ಬಿಸೋ ಹಾಗಿಲ್ಲ, ದೊರೆ ಬಂದರೂ ಕಾಯಬೇಕು. ಮೂರ್ತಿ ಮೇಲಕ್ಕೆ ಹೋಗೋ ದಿನ ಬಂತು. ಹನ್ನೆರಡು ಹಮಾಲಿಗಳು, ಆನೆ ತೂಕದ ಮೂರ್ತಿ. ಕಲ್ಲಿನ ಮೇಲೆ ಇಳಿಸಿದರು, ನೀರು ಕುಡಿದರು, ಬೆವರು ಒರೆಸಿದರು. ಕಿತೇರಿಯ ಪಕ್ಕದಲ್ಲೇ ಕೂತಿದ್ದಳು. ಹಮಾಲಿಗಳ ಮೇಸ್ತ್ರಿ ಬಾಲ್ತಜಾರ ಎದ್ದು, "ದಣಿವಾರಿತು, ಎತ್ರೋ" ಅಂದ.

"ನಿನಗೆ ಆರಿತು. ಅವಳನ್ನ ಕೇಳಿದೆಯೇನೋ?"

"ಯಾರನ್ನಜ್ಜಿ?"

"ಅಮ್ಮನ್ನ. ನಿನ್ನ ಹೊರೆ ಇಳಿಸಿದೆ. ಅವಳ ಕಂಕುಳಿನ ಮಗು ಇಳಿದಿಲ್ಲವಲ್ಲ. ಅವಳೂ ಹೊರೆ ಹೊತ್ತೇ ಈ ಕಲ್ಲಿಗೆ ಬಂದವಳು. ಬಾಯಿಬಿಟ್ಟು ಹೇಳಲಿ, ಆಮೇಲೆ ಎತ್ತು."

"ಮರದ ಗೊಂಬೆ ಮಾತಾಡುತ್ತೇನಜ್ಜಿ?"

"ಹೋಗು, ಮರದ ಗೊಂಬೆ ಅಂತ ಬಿಷಪ್ಪರ ಮುಂದೆ ಹೇಳಿ ಬಾ."

ಬಾಲ್ತಜಾರ ತಲೆ ಕೆರೆದುಕೊಂಡ, ಕೂತ. ಹನ್ನೊಂದು ಜನಾನೂ ಕೂತರು. ನೆತ್ತಿ ಮೇಲೆ ಕಾದು ಕಾದು ಸಾಕಾಗಿ ಬಿಷಪ್ಪರು ಕುರ್ಚಿ ಸಮೇತ ಇಳಿದು ಬಂದು ಗದರಿದರು. ಬಾಲ್ತಜಾರ ಟೋಪಿ ತೆಗೆದು, "ಸ್ವಾಮಿ, ಇವತ್ತು ಅವಳಿಗೆ ಕಟ್ಟಳೆ ತಪ್ಪಿಸಿದರೆ ನಾಳೆ ನಮಗೂ ತಪ್ಪಿಸುತ್ತೀರಿ" ಅಂದ. ಅದನ್ನ ಕೇಳಿ ಕುರ್ಚಿ ಹೊತ್ತ ನಾಲ್ವರೂ ಕುರ್ಚಿ ಇಳಿಸಿ ಕೂತುಬಿಟ್ಟರು! ಬಿಷಪ್ಪರು ಸಿಟ್ಟಲ್ಲಿ ಮೇಲಕ್ಕೆ ನಡೆದೇ ಹೊರಟರು. ಅಲ್ಲಿಂದ ಅರವತ್ತನೇ ಮೆಟ್ಟಿಲಿಗೆ ಎದೆ ಹಿಡಿದುಕೊಂಡು ಕೂತರು. ಬಹಳ ಹೊತ್ತು ಕೂತೇ ಇದ್ದರು ಅಂತಾರೆ. ಆಮೇಲೆ ಮೆಲ್ಲಗೆ ವಾಪಸ್ಸು ಬಂದು ಕಿತೇರಿಯ ಪಕ್ಕ ಕೂತು, "ನಿನ್ನವರ ಹೆಸರೇನು ತಾಯಿ?" ಅಂತ ಕೇಳಿದರು. ಸಂಜೆಗೆ ಮಳೆ ಬಂತು, ಮೂರ್ತಿ ನೆನೆಯದ ಹಾಗೆ ಮೇಲೆ ಹಡಗಿನ ಹಾಯಿಪಟ ಕಟ್ಟಿಸಿದರು. ಪಟದ ಜಾಗಕ್ಕೆ ಹೆಂಚು ಬಂತು, ಹೆಂಚಿನ ಕೆಳಗೆ ಗೋಡೆ ಬಂತು. ಸೂರು ಮೊದಲಾಗಿ ಪಾಯ ಕೊನೆಗಾದ ಇಗರ್ಜಿ ಇದೊಂದೇ ಅಂತ ನಾನು ಎಲ್ಲಿ ಬೇಕಾದರೂ ಆಣೆ ಇಡುತ್ತೇನೆ.

ಈಗಲೂ ಹೋದರೆ ನೋಡಬಹುದು. ನೆತ್ತಿ ಮೇಲಿನ ಗೋಡೆಗಳ ನಡುವೆ ಆಡು ಮೇಯುತ್ತವೆ. ಅರ್ಧ ದಾರೀಲಿ ಅದೇ ಚಪ್ಪಡಿ ಮೇಲೆ ಅಮ್ಮ, ಕಂಕುಳಲ್ಲಿ ಮಗು. ಪಕ್ಕದ ಕಲ್ಲು ಕಿತೇರಿಯ ಕೂತು ಕೂತು ಸವೆದಿದೆ. ನಾನೂ ಅದರಲ್ಲಿ ಕೂತಿದ್ದೇನೆ, ನನ್ನ ಅಳತೆಗೇ ಮಾಡಿದ ಹಾಗಿದೆ. ವರ್ಷಕ್ಕೊಮ್ಮೆ ಆ ದಿನ ಹಮಾಲಿಗಳ ಮೇಸ್ತ್ರಿ ಟೋಪಿ ತೆಗೆದು ಮೂರ್ತಿ ಮುಂದೆ ನಿಂತು, "ದಣಿವಾರಿತೇನಮ್ಮಾ?" ಅಂತ ಕೇಳುತ್ತಾನೆ. ಅವನ ಬಾಯಿ ಮುಚ್ಚೋದೇ ತಡ, ಗಂಟೆ ಹೊಡೆಯೋದಕ್ಕೆ ಶುರು ಮಾಡುತ್ತಾರೆ, ಕಿವಿ ಕಿತ್ತುಹೋಗೋ ಹಾಗೆ. ಅವಳು ಎಲ್ಲಾದರೂ ಹೂಂ ಅಂದುಬಿಟ್ಟರೆ, ಇನ್ನರ್ಧ ಗುಡ್ಡ ಬಾಕಿ ಇದೆಯಲ್ಲ.