ಇದ್ದ ಹಾಗೇ ಇರಿ

ಮುದ್ದಲಿಂಗನಿಗೆ ಮುದ್ದು ಇದ್ದದ್ದು ಹೆಸರಿನಲ್ಲಿ ಮಾತ್ರ.

ಹನ್ನೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಜನರನ್ನು ಒಳಗೆ ತಳ್ಳಿ, ಹೊರಗೆ ಇಳಿಸಿ, ಕೂಗಿ ಕೂಗಿ ಗಂಟಲು ಗಟ್ಟಿಯಾಗಿತ್ತು, ತಾಳ್ಮೆ ಸವೆದುಹೋಗಿತ್ತು. ಒಂದು ಮಧ್ಯಾಹ್ನ, ಗಂಟು ಹೊತ್ತ ಮುದುಕಿಯೊಬ್ಬಳು ಬಾಗಿಲಲ್ಲೇ ನಿಂತಿದ್ದಾಳೆ ಎಂದು ರೇಗಿದ. ಅವಳು ಹೆದರಿ, ತನ್ನೂರಿಗೆ ಎರಡು ಸ್ಟಾಪು ಮೊದಲೇ ಇಳಿದುಬಿಟ್ಟಳು. ಬಸ್ಸು ಹೊರಟ ಮೇಲೆ ಹಿಂದಿನ ಗಾಜಿನಲ್ಲಿ ಕಂಡಳು. ಗಂಟನ್ನು ಎದೆಗವುಚಿಕೊಂಡು ಬಿಸಿಲಲ್ಲಿ ನಡೆಯುತ್ತಿದ್ದಳು.

ಆ ನೋಟ ಅವನ ಕಣ್ಣಿಂದ ಹೋಗಲಿಲ್ಲ. ಕೆಲಸ ಬಿಟ್ಟು ಬೆಟ್ಟ ಹತ್ತಿದ.

ಬೆಟ್ಟದ ನೆತ್ತಿಯಲ್ಲಿ ಒಂದು ಪುಟ್ಟ ಮಠ. ಮಠದಲ್ಲಿ ಗುರುಗಳು ಒಬ್ಬರೇ. ಅವರಿಗೆ ಎಡಗಿವಿ ಕೇಳಿಸುವುದಿಲ್ಲ, ಬಲಗಿವಿಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ ಎಂದು ಕೆಳಗಿನ ಊರಿನವರು ನಗುತ್ತಿದ್ದರು.

"ಸಿಟ್ಟು ಹೋಗ್ಬೇಕು ಬುದ್ಧಿ. ಕಾವಿ ಬೇಕು," ಎಂದ ಮುದ್ದಲಿಂಗ.

"ಎರಡರಲ್ಲಿ ಯಾವ್ದು?"

"ಎರಡೂ."

ಗುರುಗಳು ಪೆಟ್ಟಿಗೆ ತೆರೆದು ಮಡಿಸಿಟ್ಟ ಕಾವಿ ಬಟ್ಟೆಯನ್ನು ತೋರಿಸಿದರು. ಮತ್ತೆ ಮುಚ್ಚಿದರು.

"ನಲವತ್ತು ದಿನ ಸಿಟ್ಟಿಲ್ಲದೆ ಇರು. ದಿನಕ್ಕೊಂದು ಗೆರೆ ಎಳಿ. ನಡುವೆ ಸಿಟ್ಟು ಬಂದ್ರೆ ಗೋಡೆ ಒರಸಿ ಮತ್ತೆ ಒಂದರಿಂದ ಶುರು ಮಾಡು."

ಮುದ್ದಲಿಂಗ ಇದ್ದಿಲಿನಿಂದ ಗೆರೆ ಎಳೆಯತೊಡಗಿದ.

ಮೊದಲ ಸಲ ಒಂಬತ್ತನೆಯ ದಿನ ಕೋತಿಯೊಂದು ಬೆಲ್ಲದ ಡಬ್ಬಿ ಎತ್ತಿಕೊಂಡು ಹೋಯಿತು. ಗೋಡೆ ಒರೆಸಿದ. ಎರಡನೆಯ ಸಲ ಇಪ್ಪತ್ತೆರಡನೆಯ ದಿನ ಚಾರಣಕ್ಕೆ ಬಂದವನೊಬ್ಬ ಪೂಜೆಯ ನಡುವೆ ಮೂರು ಸಲ ಇಣುಕಿ, "ಇಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತೆ?" ಎಂದು ಕೇಳಿದ. ಮತ್ತೆ ಒರೆಸಿದ.

ಮೂರನೆಯ ಸಲ ಹುಷಾರಾದ. ಬಾಯಿಗೆ ಬೀಗ ಹಾಕಿದ, ಮುಖಕ್ಕೆ ಒಂದು ನಗು ಅಂಟಿಸಿಕೊಂಡ. ಕಾವಿ ಉಟ್ಟಾಗ ಆ ನಗು ಹೇಗೆ ಕಾಣಬಹುದು ಎಂದು ಹಿತ್ತಾಳೆ ಕೊಡದಲ್ಲಿ ಆಗಾಗ ನೋಡಿಕೊಳ್ಳುತ್ತಿದ್ದ. ಗೋಡೆಯ ಮೇಲೆ ಮೂವತ್ತೆಂಟು ಗೆರೆ ಬಿದ್ದವು.

ಮೂವತ್ತೊಂಬತ್ತನೆಯ ದಿನ ಬೆಳಕು ಹರಿಯುವ ಮೊದಲೇ ಒಂದು ಜೀಪು ಬಂತು.

ಜೀಪಿನಿಂದ ಮೂವರು ಇಳಿದರು. ಹುಡುಗಿ ಇಂಚರ, ಹುಡುಗ ಚಿರಂತ, ಕುತ್ತಿಗೆಗೆ ಎರಡು ಕ್ಯಾಮೆರಾ ನೇತುಹಾಕಿಕೊಂಡ ಲೋಹಿತ. ಹುಡುಗಿ ಕೆಂಪು ಗೌನು ತೊಟ್ಟಿದ್ದಳು. ಅವಳು ಇಳಿದು ಎಷ್ಟೋ ಹೊತ್ತಿನ ಮೇಲೂ ಗೌನು ಇನ್ನೂ ಜೀಪಿನಿಂದ ಇಳಿಯುತ್ತಲೇ ಇತ್ತು.

"ಮದುವೆ ಆಯ್ತಾ?" ಎಂದು ಕೇಳಿದರು ಗುರುಗಳು.

"ಇಲ್ಲ ಸ್ವಾಮೀಜಿ, ಮುಂದಿನ ತಿಂಗಳು. ಇದು ಪ್ರೀ-ವೆಡ್ಡಿಂಗ್ ಶೂಟ್," ಎಂದ ಲೋಹಿತ. "ಛತ್ರದಲ್ಲಿ ದೊಡ್ಡ ಪರದೆ ಮೇಲೆ ಹಾಕ್ತೀವಿ. ಬೆಟ್ಟ, ಮಂಜು, ಸೂರ್ಯ, ಇವರಿಬ್ಬರು. ಒಂದೇ ಒಂದು ಗಂಟೆ."

"ಮಾಡ್ಕೊಳಿ, ಮಾಡ್ಕೊಳಿ," ಎಂದು ಗುರುಗಳು ಸೊಪ್ಪಿನ ಬುಟ್ಟಿ ಎಳೆದುಕೊಂಡು ಜಗಲಿಯ ಮೇಲೆ ಕುಳಿತರು.

ಮುದ್ದಲಿಂಗ ಮುಗುಳ್ನಕ್ಕು ಪೂಜೆಗೆ ಹೋದ. ಮಂಗಳಾರತಿ ಎತ್ತುವ ಹೊತ್ತಿಗೆ ಕಿಟಕಿಯಾಚೆ ಡ್ರೋನು ಗುಂಯ್ ಎಂದಿತು. ಅದರ ಗಾಳಿಗೆ ಕರ್ಪೂರ ಆರಿತು. ಮತ್ತೆ ಹಚ್ಚಿದ. ಡ್ರೋನು ಮತ್ತೆ ಬಂತು.

ಹೊರಗೆ ಬಂದಾಗ ಗುರುಗಳು ಕೇಳಿದರು.

"ಸಿಟ್ಟು ಬಂತಾ ಮುದ್ದ?"

"ಇಲ್ಲ ಬುದ್ಧಿ," ಎಂದ. ಹಲ್ಲು ಕಚ್ಚಿಕೊಂಡಿದ್ದರಿಂದ ಮಾತು ಮೂಗಿನಿಂದ ಬಂತು.

ಅಂದು ಮಂಜು ಬರಲಿಲ್ಲ. ವರ್ಷವೆಲ್ಲ ಬರುವ ಮಂಜು ಅಂದೇ ಕೈಕೊಟ್ಟಿತು. ಲೋಹಿತ ಒಂದು ಡಬ್ಬಿಯ ದಾರ ಎಳೆದ. ಬಿಳಿ ಹೊಗೆ ಬುಸುಬುಸು ಎದ್ದು ನೇರವಾಗಿ ಮಠದೊಳಕ್ಕೆ ನುಗ್ಗಿತು. ಹುಲ್ಲುಗಾವಲಿನ ಮೇಲೆ ಒಂದೆಳೆಯೂ ನಿಲ್ಲಲಿಲ್ಲ.

"ಸಾರ್, ಒಂದು ಸಣ್ಣ ಹೆಲ್ಪು," ಎಂದ ಲೋಹಿತ, ಕೆಮ್ಮುತ್ತಿದ್ದ ಮುದ್ದಲಿಂಗನ ಹತ್ತಿರ ಬಂದು. "ಗೌನಿನ ಬಾಲ ಹಿಡಿದು ಗಾಳಿಗೆ ಎಸೀಬೇಕು. ಎಸೆದ ತಕ್ಷಣ ಓಡಿಹೋಗಿ ಪೊದೆ ಹಿಂದೆ ಬಚ್ಚಿಟ್ಕೊಳ್ಬೇಕು. ಜೊತೆಗೆ ಬರಬೇಕಿದ್ದವರು ಬರಲಿಲ್ಲ."

ಮುದ್ದಲಿಂಗ ಗುರುಗಳ ಕಡೆ ನೋಡಿದ. ಬೇಡ ಎನ್ನಲಿ ಎಂದು ದೇವರಲ್ಲಿ ಬೇಡಿಕೊಂಡ.

"ಹೋಗಪ್ಪಾ, ಎಸಿ," ಎಂದರು ಗುರುಗಳು.

ಎಸೆದ. ಓಡಿದ. ಕೂತ.

"ಸಾರ್, ನಿಮ್ಮ ತಲೆ ಬಂತು."

ಮತ್ತೆ ಎಸೆದ. ಮತ್ತೆ ಓಡಿದ.

"ಸಾರ್, ತಲೆ ಇಲ್ಲ, ಈ ಸಲ ಬೆನ್ನು."

ಹನ್ನೊಂದು ವರ್ಷ ಜನರಿಗೆ ಹಿಂದೆ ಸರಿಯಿರಿ, ಮುಂದೆ ಸರಿಯಿರಿ ಎಂದು ಹೇಳಿದವನಿಗೆ ಈಗ ಇನ್ನೊಬ್ಬ ಹೇಳುತ್ತಿದ್ದ. ಹದಿನೇಳು ಸಲ ಎಸೆದ. ಪೊದೆಯ ಮುಳ್ಳಿಗೆ ಪಂಚೆ ಎರಡು ಕಡೆ ಹರಿಯಿತು.

ಲೋಹಿತನ ಬಾಯಿ ಒಂದು ಕ್ಷಣವೂ ಸುಮ್ಮನಿರಲಿಲ್ಲ. "ಮೇಡಂ, ಸರ್ ಏನೋ ಜೋಕ್ ಹೇಳಿದ ಹಾಗೆ ನಗಿ. ಸರ್, ಮೇಡಂನ ಮೊದಲ ಸಲ ನೋಡಿದ ಹಾಗೆ ನೋಡಿ. ಇಬ್ಬರೂ ನಾನು ಇಲ್ಲಿ ಇಲ್ಲದ ಹಾಗೆ ನಡೀರಿ. ಹಾಂ! ಇದ್ದ ಹಾಗೇ ಇರಿ!"

ಅವರು ಇದ್ದ ಹಾಗೇ ನಿಂತರು. ಲೋಹಿತ ಓಡಿಹೋಗಿ ಹುಡುಗಿಯ ಗಲ್ಲ ಎತ್ತಿಸಿದ, ಹುಡುಗನ ಭುಜ ತಗ್ಗಿಸಿದ, ಕೂದಲು ಮುಂದಕ್ಕೆ ಹಾಕಿಸಿದ, ಕೈ ಬದಲಿಸಿದ. ವಾಪಸ್ ಬಂದು ಮತ್ತೆ ಕೂಗಿದ.

"ಹಾಂ, ಇದ್ದ ಹಾಗೇ ಇರಿ!"

ಇದ್ದದ್ದು ಏನು ಉಳಿದಿದೆ ಅಲ್ಲಿ, ಎಂದು ಮುದ್ದಲಿಂಗ ಪೊದೆಯ ಹಿಂದೆ ಮನಸ್ಸಿನಲ್ಲೇ ಬೈದುಕೊಂಡ. ಬೈದದ್ದು ಅಷ್ಟೇ ಅಲ್ಲ. ಬಸ್ ನಿಲ್ದಾಣದಲ್ಲಿ ಕಲಿತ ಅಷ್ಟೂ ಮಾತು ಅವನ ನಾಲಿಗೆಯ ಹಿಂದೆ ಸಾಲಾಗಿ ನಿಂತಿತ್ತು. ಮುಖದ ಮೇಲೆ ಮಾತ್ರ ನಗು ಅಲುಗಲಿಲ್ಲ.

"ಸಾರ್, ಪೊದೆ ಸಾಕು," ಎಂದ ಲೋಹಿತ. "ಆ ಬಂಡೆ ಮೇಲೆ ಕೂತ್ಕೊಳ್ಳಿ. ಧ್ಯಾನ ಮಾಡ್ತಿರೋ ಹಾಗೆ. ಇವರ ಹಿಂದೆ ಮಸುಕಾಗಿ ಬರ್ತೀರ. ಶಾಂತವಾಗಿ ಇದ್ದ ಹಾಗೆ ಇದ್ರೆ ಸಾಕು."

ಮುದ್ದಲಿಂಗ ಬಂಡೆಯ ಮೇಲೆ ಕಣ್ಣು ಮುಚ್ಚಿ ಕುಳಿತ. ಈ ಲೋಹಿತನನ್ನೂ ಅವನ ಡ್ರೋನನ್ನೂ ಒಂದೇ ಗಂಟು ಕಟ್ಟಿ ಬೆಟ್ಟದಿಂದ ಕೆಳಕ್ಕೆ ಉರುಳಿಸುವುದು ಹೇಗೆಂದು ಯೋಚಿಸುತ್ತಾ ಕುಳಿತ.

"ಅದ್ಭುತ!" ಎಂದು ಲೋಹಿತ ಕ್ಯಾಮೆರಾ ತಂದು ತೋರಿಸಿದ. "ನೋಡಿ ಸಾರ್, ಎಂಥಾ ಶಾಂತಿ!"

ಮುದ್ದಲಿಂಗ ನೋಡಿದ. ಮುಂದೆ ಕೆಂಪು ಗೌನು. ಹಿಂದೆ ಮಸುಕಾಗಿ ಒಬ್ಬ ಯೋಗಿ. ಹಣೆಯಲ್ಲಿ ಒಂದು ಗೆರೆಯಿಲ್ಲ, ತುಟಿಯ ಮೇಲೆ ತೆಳುವಾದ ನಗು. ಹಿತ್ತಾಳೆ ಕೊಡದಲ್ಲಿ ಅವನು ದಿನಾ ನೋಡುತ್ತಿದ್ದ ಅದೇ ಮುಖ.

ಅವನಿಗೆ ಒಂಥರಾ ಆಯಿತು. ಆ ಮುಖವನ್ನು ನೋಡಿದವರು ಯಾರೂ ಅನುಮಾನ ಪಡುವಂತಿರಲಿಲ್ಲ. ಅವನಿಗೇ ಇಷ್ಟು ದಿನ ಅನುಮಾನ ಬಂದಿರಲಿಲ್ಲ.

"ಸಿಟ್ಟು ಬಂತಾ?" ಎಂದು ಜಗಲಿಯಿಂದ ಕೂಗಿದರು ಗುರುಗಳು.

"ಇಲ್ಲ ಬುದ್ಧಿ," ಎಂದ. ಈ ಸಲ ದನಿ ಸಣ್ಣಗಿತ್ತು.

ಬರಿಗಾಲಲ್ಲಿ ನಡೆದರೆ ಚೆನ್ನಾಗಿ ಬರುತ್ತದೆ ಎಂದು ಲೋಹಿತ ಇಂಚರಳ ಚಪ್ಪಲಿ ಬಿಡಿಸಿದ. ನಾಲ್ಕು ಹೆಜ್ಜೆ ನಡೆದವಳು ಅಮ್ಮಾ ಎಂದು ಹುಲ್ಲಿನ ಮೇಲೆ ಕೂತುಬಿಟ್ಟಳು. ಅಂಗಾಲಿಗೆ ಮುಳ್ಳು ನೆಟ್ಟಿತ್ತು.

"ಸಾಕು!" ಎಂದಳು. ಕಣ್ಣಲ್ಲಿ ನೀರು. "ಚಳಿಲಿ ನಡುಗಿ ನಡುಗಿ ಸಾಕಾಯ್ತು. ನೀನೂ ಹೇಳಿದ್ಯಲ್ಲ ಚಿರಂತ್, ಚಪ್ಪಲಿ ಬಿಡು ಅಂತ?"

"ಹೇಳ್ದೆ. ತಪ್ಪಾಯ್ತು. ಕಾಲು ಕೊಡು ಇಲ್ಲಿ."

ಹುಡುಗ ಬಿಳಿ ಸೂಟಿನಲ್ಲೇ ಮಣ್ಣಿಗೆ ಮಂಡಿಯೂರಿ ಅವಳ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡ. ಉಗುರಿಗೆ ಮುಳ್ಳು ಸಿಗಲಿಲ್ಲ. ಮುದ್ದಲಿಂಗ ಬಂಡೆಯಿಂದ ಇಳಿದು, ತನ್ನ ಉಡಿದಾರಕ್ಕೆ ಸಿಕ್ಕಿಸಿದ್ದ ಪಿನ್ನು ತೆಗೆದುಕೊಟ್ಟ. ಹುಡುಗ ನಾಲಿಗೆ ಕಚ್ಚಿಕೊಂಡು, ಬೆವರುತ್ತಾ, ಮೆಲ್ಲಗೆ ಕೆದಕಿ ಮುಳ್ಳು ತೆಗೆದ.

"ಮದುವೆ ಆದ್ಮೇಲೂ ಹೀಗೇ ತೆಗೀತೀಯಾ?" ಎಂದಳು ಮೂಗು ಒರೆಸಿಕೊಳ್ಳುತ್ತಾ.

"ಮುಳ್ಳನ್ನಾ, ಫೋಟೋನಾ?"

ಅವಳು ನಕ್ಕುಬಿಟ್ಟಳು. ಬೆಳಗಿನಿಂದ ಅವಳು ನಿಜವಾಗಿ ನಕ್ಕದ್ದು ಅದೇ ಮೊದಲು. ಹುಡುಗನೂ ನಕ್ಕ. ನೋಡುತ್ತಾ ನಿಂತಿದ್ದ ಮುದ್ದಲಿಂಗನಿಗೂ ಗೊತ್ತಿಲ್ಲದೆ ನಗು ಬಂತು.

ಲೋಹಿತ ಆಗಷ್ಟೇ ಬ್ಯಾಟರಿ ಬದಲಿಸಿ ತಲೆ ಎತ್ತಿದ.

"ಅಯ್ಯಯ್ಯೋ, ಮಿಸ್ಸಾಯ್ತು! ಮೇಡಂ, ಅದೇ ಇನ್ನೊಂದ್ಸಲ! ಆ ಮುಳ್ಳು ಎಲ್ಲಿ ಬಿಸಾಕಿದ್ರಿ? ಹುಡುಕಿ, ಹುಡುಕಿ. ಚುಚ್ಚಿದ ಹಾಗೆ ಇಟ್ಕೊಳ್ಳಿ. ನೋವಾದ ಹಾಗೆ ಮುಖ. ಸರ್, ನೀವು ತೆಗೆದ ಹಾಗೆ ಮಾಡಿ. ಆಮೇಲೆ ಇಬ್ಬರೂ ನಕ್ಕ ಹಾಗೆ..."

"ಹೋಲ್ಡಾನ್!"

ಬಸ್ಸು ನಿಲ್ಲಿಸುತ್ತಿದ್ದ ಮುದ್ದಲಿಂಗನ ಹನ್ನೊಂದು ವರ್ಷದ ಗಂಟಲು ತೆರೆದುಕೊಂಡಿತು. ಎದುರಿನ ಬೆಟ್ಟವೂ ಹೋಲ್ಡಾನ್ ಎಂದಿತು.

"ಮುಳ್ಳು ಚುಚ್ಚಿದ ಹಾಗೆ ಏನ್ರೀ? ಚುಚ್ಚಿದೆ! ಕಣ್ಣು ಕಾಣಲ್ವಾ? ಬೆಳಗಿಂದ ನೋಡ್ತಿದೀನಿ, ಹಾಗೆ, ಹಾಗೆ, ಹಾಗೆ! ಕರ್ಪೂರ ಆರಿಸಿದ್ರಿ, ಹೊಗೆ ಕುಡಿಸಿದ್ರಿ, ಪೊದೆಗೆ ತಳ್ಳಿದ್ರಿ. ಸಾಕು, ಇಳೀರಿ! ಎಲ್ಲಾ ಇಳೀರಿ! ಬೆಟ್ಟ ಖಾಲಿ ಮಾಡಿ!"

ಲೋಹಿತ ಎರಡು ಹೆಜ್ಜೆ ಹಿಂದೆ ಸರಿದ. ಚಿರಂತ ಎದ್ದು ನಿಂತ. ಇಂಚರ ಬೆದರಿ, ಅಷ್ಟುದ್ದದ ಗೌನನ್ನು ಗಂಟು ಮಾಡಿ ಎದೆಗವುಚಿಕೊಂಡು, ಬರಿಗಾಲಲ್ಲೇ ಕುಂಟುತ್ತಾ ಜೀಪಿನ ಕಡೆ ನಡೆದಳು.

ಮುದ್ದಲಿಂಗ ಅವಳ ಬೆನ್ನು ನೋಡಿದ. ಎದೆಗವುಚಿದ ಗಂಟು ನೋಡಿದ.

ಹುಲ್ಲಿನಲ್ಲಿ ಬಿದ್ದಿದ್ದ ಚಪ್ಪಲಿ ಎತ್ತಿಕೊಂಡು ಓಡಿದ.

"ನಿಮಗಲ್ಲ ತಾಯಿ, ನಿಮಗಲ್ಲ," ಎಂದ. ಚಪ್ಪಲಿಯನ್ನು ಅವಳ ಕಾಲ ಬಳಿ ಇಟ್ಟ. "ಇದನ್ನ ಹಾಕ್ಕೊಳ್ಳಿ. ನಿಧಾನ ನಡೀರಿ. ಏನೂ ಅವಸರ ಇಲ್ಲ. ನನ್ನ ತಪ್ಪು."

ಅವಳು ಅವನ ಭುಜ ಹಿಡಿದು, ಒಂದೊಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡಳು. ಅಲ್ಲಿಯವರೆಗೂ ಅವನು ಅಲುಗದೆ ನಿಂತಿದ್ದ.

ಮಠಕ್ಕೆ ಮರಳಿದಾಗ ಗುರುಗಳು ಇನ್ನೂ ಸೊಪ್ಪು ಬಿಡಿಸುತ್ತಿದ್ದರು.

"ಏನೋ ಕೂಗಿದಂಗಾಯ್ತಲ್ಲ ಮುದ್ದ. ಯಾರದು?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆ ಲೋಹಿತ ಬೆಳಗಿನಿಂದ ಕೂಗುತ್ತಲೇ ಇದ್ದ. ಅವನ ಹೆಸರು ಹೇಳಿದರೆ ಮುಗಿಯಿತು. ಇವತ್ತಿನದೊಂದು, ನಾಳೆಯದೊಂದು, ಎರಡು ಗೆರೆ. ಆಮೇಲೆ ಪೆಟ್ಟಿಗೆ ತೆರೆಯುತ್ತದೆ.

ಮುದ್ದಲಿಂಗ ಪೆಟ್ಟಿಗೆಯ ಕಡೆ ನೋಡಿದ. ಆಮೇಲೆ ಬಟ್ಟೆಯೊಂದನ್ನು ನೀರಿನಲ್ಲಿ ಅದ್ದಿ ಗೋಡೆಯ ಹತ್ತಿರ ಹೋದ. ಮೂವತ್ತೆಂಟು ಗೆರೆಗಳನ್ನೂ ಒರೆಸಿದ. ಒರೆಸುವಾಗ ಅಳು ಬಂತು. ಅದನ್ನು ಒರೆಸಲಿಲ್ಲ.

"ನಾನೇ ಬುದ್ಧಿ. ಬಾಯಿಗೆ ಬಂದ ಹಾಗೆ ಬೈದೆ. ಆ ಮಗು ಹೆದರ್ಕೊಂಡ್ತು."

"ಹೋಗ್ಲಿ, ನೇಮದ ಪ್ರಕಾರ ಒರೆಸಿದ್ಯಲ್ಲ."

"ನೇಮಕ್ಕೆ ಒರೆಸಿದ್ದಲ್ಲ ಬುದ್ಧಿ. ಅದರಲ್ಲಿ ಒಂದು ಗೆರೆಯೂ ನಿಜ ಇರಲಿಲ್ಲ. ಮೊದಲ ದಿನದಿಂದ ಒಳಗೆ ಕುದೀತಾನೇ ಇದ್ದೆ. ಕೋತಿ ಮೇಲೆ, ಚಾರಣದವರ ಮೇಲೆ, ಒಂದೊಂದ್ಸಲ ನಿಮ್ಮ ಮೇಲೂ. ಸುಮ್ನೆ ಸಿಟ್ಟಿಲ್ಲದ ಹಾಗೆ ಇದ್ದೆ."

"ನನ್ನ ಮೇಲೆ ಯಾಕಪ್ಪಾ?"

"ಬೇಕೂಂತಲೇ ಕೇಳಿಸದ ಹಾಗೆ ಇರ್ತೀರಲ್ಲ, ಅದಕ್ಕೆ."

ಗುರುಗಳು ಸೊಪ್ಪು ಕೆಳಗಿಟ್ಟು ಗಟ್ಟಿಯಾಗಿ ನಕ್ಕರು. ನಕ್ಕು ನಕ್ಕು ಕೆಮ್ಮಿದರು.

"ಆ ಡ್ರೋನು ಪೂಜೆಗೆ ಬಂದಾಗ ನಂಗೇ ಸಿಟ್ಟು ಬಂತು ಕಣೋ," ಎಂದರು. "ನೀನು ಇಲ್ಲ ಬುದ್ಧಿ ಅಂದಾಗ ಇನ್ನೂ ಜಾಸ್ತಿ ಬಂತು."

ಎದ್ದು, ಒಲೆಯ ಬಳಿಯಿಂದ ಇದ್ದಿಲು ತಂದರು. ಒದ್ದೆ ಗೋಡೆಯ ಮೇಲೆ ಒಂದು ಗೆರೆ ಎಳೆದರು.

"ಇದ್ಯಾವ್ದು ಬುದ್ಧಿ?"

"ಇವತ್ತಿಂದು."

"ಇವತ್ತೇ ಅಲ್ವಾ ನಾನು ಕೂಗಾಡಿದ್ದು?"

ಗುರುಗಳು ಇದ್ದಿಲನ್ನು ಅವನ ಕೈಗೆ ಕೊಟ್ಟರು.

ಮುದ್ದಲಿಂಗ ಆ ಒಂಟಿ ಗೆರೆಯನ್ನು ನೋಡಿದ. ಮುಂದೆ ಗೋಡೆಯಷ್ಟೂ ಖಾಲಿ ಇತ್ತು. ನಗುವುದನ್ನು ಬಿಟ್ಟರೆ, ಹಲ್ಲು ಕಚ್ಚುವುದನ್ನೂ ಬಿಟ್ಟರೆ, ಇನ್ನು ಏನು ಮಾಡಬೇಕೋ ಅವನಿಗೆ ನಿಜವಾಗಿಯೂ ತಿಳಿಯಲಿಲ್ಲ.

"ನಾಳೆಯಿಂದ ನಾನು ಹೇಗಿರಲಿ ಬುದ್ಧಿ?"

ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಜೀಪು ನಿಂತ ಸದ್ದಾಯಿತು. ಬಾಗಿಲು ತೆರೆದುಕೊಂಡಿತು. ಎಷ್ಟು ಬೈಸಿಕೊಂಡರೂ ಬುದ್ಧಿ ಬರದ ಲೋಹಿತನ ದನಿ ಬೆಟ್ಟವೆಲ್ಲ ಕೇಳಿಸಿತು.

"ಮೇಡಂ, ಲಾಸ್ಟು, ಇದೊಂದೇ ಲಾಸ್ಟು! ಹಾಂ! ಇದ್ದ ಹಾಗೇ ಇರಿ!"

ಗುರುಗಳು ಸೊಪ್ಪಿನ ಬುಟ್ಟಿಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

"ಅವನು ಬೆಳಗಿಂದ ಹೇಳ್ತಾನೇ ಇದಾನಲ್ಲೋ. ಕಿವುಡ ನಾನಾ, ನೀನಾ?"