ದಿಬ್ಬ ಹತ್ತದ ಸೈಲೆನ್ಸರ್

ಮುಂದಿನಿಂದ ಕುಡಿಯುತ್ತೆ, ಹಿಂದಿನಿಂದ ಕೂಗುತ್ತೆ, ನಡುವೆ ಕೆಮ್ಮುತ್ತೆ. ಏನದು, ಹೇಳಿ ನೋಡೋಣ? ಆಗಲ್ಲ ಬಿಡಿ. ನಮ್ಮ ಓಣಿಯ ರುದ್ರೇಶಣ್ಣನ ಹಳೇ ಪಿಕಪ್ ಗಾಡಿ.

ಅಣ್ಣ ಅದಕ್ಕೆ ದಪ್ಪನೆಯ ಹೊಸ ಸೈಲೆನ್ಸರ್, ದೊಡ್ಡ ಕಾರ್ಬೊರೇಟರ್ ಹಾಕಿಸಿ, ಮುಂದೆ ನಿಂಬೆಹಣ್ಣು ಕಟ್ಟಿ, "ಇವತ್ತು ಮದುವೆ ಮನೆಯ ಕೊಪ್ಪರಿಗೆ ಹೊತ್ತು ದಿಬ್ಬ ಹತ್ತಿದರೆ ಸರಿ, ಇಲ್ಲದಿದ್ದರೆ ಗುಜರಿಗೆ" ಎಂದ.

ದಿಬ್ಬದ ಬುಡದಲ್ಲಿ ಸೈಲೆನ್ಸರ್ ಹೇಳಿತು: "ಕಾರ್ಬೊರೇಟರ್, ಪೆಟ್ರೋಲ್ ಸುರಿ ಮಗಾ. ನಾನು ಗರ್ಜಿಸಿದರೆ ದಿಬ್ಬವೇ ಪಕ್ಕಕ್ಕೆ ಸರಿಯುತ್ತೆ."

"ಸುರಿಯೋಕೇ ತಾನೇ ನನ್ನನ್ನು ತಂದಿರೋದು!" ಎಂದು ಕಾರ್ಬೊರೇಟರ್ ಸುರಿಯಿತು.

ಹಳೇ ಎಂಜಿನ್ ಅಂಗಲಾಚಿತು: "ಸ್ವಾಮಿ, ಇಷ್ಟೊಂದು ಕುಡಿಸಬೇಡಿ, ಉಸಿರಾಡೋಕೆ ಗಾಳಿ ಬಿಡಿ. ಎಳೆಯೋನು ನಾನೊಬ್ಬನೇ."

"ಸುಮ್ಮನಿರು ಮುದುಕ. ಓಣಿಯವರು ತಿರುಗಿ ನೋಡಿದ್ದು ನಿನ್ನನ್ನಲ್ಲ!" ಎಂದು ಸೈಲೆನ್ಸರ್ ಗದರಿತು.

ಅರ್ಧ ದಿಬ್ಬದಲ್ಲಿ ಎಂಜಿನ್ ಉಸಿರುಕಟ್ಟಿ ನಿಂತಿತು. ಸದ್ದು ಕೇಳಿ ಬಂದ ಜನ ಬೈಯುತ್ತಾ ಗಾಡಿ ತಳ್ಳಿದರು.

"ನೋಡಿದೆಯಾ, ನನಗಾಗಿ ಎಷ್ಟು ಜನ!" ಎಂದು ಸೈಲೆನ್ಸರ್ ಬೀಗಿತು.

ದಿಬ್ಬದ ಮೇಲೆ ಅದು ಎಂಜಿನ್ನಿನ ಕಾಲಿಗೆ ಬಿದ್ದು, ತಪ್ಪಾಯ್ತು ಎಂದಿತು. ಆ ಕಾಲಿಗೆ ಬಿದ್ದದ್ದು ಮಾತ್ರ ನಾನು ಕಟ್ಟಿದ ಕಥೆ. ನಿಜದಲ್ಲಿ, ದಿಬ್ಬ ಹತ್ತಲಿಲ್ಲವೆಂದು ಎಂಜಿನ್ ಗುಜರಿಗೆ ಹೋಯ್ತು, ಸೈಲೆನ್ಸರ್ ಈಗ ಇನ್ನೊಂದು ಗಾಡಿಯಲ್ಲಿ ಕೂಗ್ತಾ ಇದೆ.