ಭರಣಿಯಲ್ಲೇ ಉಳಿದ ಸಿಮ್

ಪ್ರವಾಸಕ್ಕೆ ಹೊರಟ ನಾಗವೇಣಿ ಟೀಚರು ಟ್ಯಾಬ್ಲೆಟ್ಟಿನ ಹಳೆಯ ಸಿಮ್ ತೆಗೆದು, ವಿದೇಶದಲ್ಲಿ ನಡೆಯುವ ಹೊಸ ಸಿಮ್ ಹಾಕಿದರು. ಹಳೆಯದು ಎಲ್ಲಾದರೂ ಬಿದ್ದುಹೋದೀತೆಂದು ದೇವರ ಮನೆಯ ಕುಂಕುಮದ ಭರಣಿಯಲ್ಲಿಟ್ಟರು.

“ನನ್ನನ್ನೂ ಕರೆದೊಯ್ಯಿರಿ, ಬೇಕಾದೀತು,” ಎಂದಿತು ಹಳೆಯ ಸಿಮ್.

ಟ್ಯಾಬ್ಲೆಟ್ ನಕ್ಕಿತು. “ಅಲ್ಲಿಯ ಒಂದು ಬೀದಿಯಾದರೂ ನಿನಗೆ ಗೊತ್ತೆ?”

“ಬೀದಿ ಗೊತ್ತಿಲ್ಲ. ಟೀಚರು ಗೊತ್ತು.”

ವಿಯೆನ್ನಾದಲ್ಲಿ ಹೊಸ ಸಿಮ್ ಚುರುಕಾಗಿ ದುಡಿಯಿತು. ಅರಮನೆಗೆ ದಾರಿ ತೋರಿಸಿತು, ಅನ್ನ ಸಾರು ಸಿಗುವ ಹೋಟೆಲನ್ನೂ ಹುಡುಕಿಕೊಟ್ಟಿತು. ಟ್ಯಾಬ್ಲೆಟ್ ಬೀಗಿತು. ಸಂಜೆ ನಿಲ್ದಾಣದಲ್ಲಿ ಕೊನೆಯ ರೈಲಿಗೆ ಟಿಕೆಟ್ ಮಾಡುವಾಗ ಬ್ಯಾಂಕು ಅಡ್ಡ ಬಂತು.

“ನೀವು ನಾಗವೇಣಿಯವರೇ ಎಂಬುದಕ್ಕೆ ಗುರುತೇನು? ನಿಮ್ಮ ನಂಬರಿಗೆ ಓಟಿಪಿ ಕಳಿಸಿದ್ದೇನೆ, ಹೇಳಿ.”

“ಬೇಗ ಹೇಳಯ್ಯ!” ಎಂದು ಟ್ಯಾಬ್ಲೆಟ್ ಹೊಸ ಸಿಮ್ಮನ್ನು ಗದರಿತು.

“ನನಗೆ ಬಂದಿಲ್ಲ ಸ್ವಾಮಿ. ಈ ಊರೆಲ್ಲ ನನಗೆ ಗೊತ್ತು. ಇವರು ಯಾರೆಂದು ಗೊತ್ತಿಲ್ಲ.”

ಬೆವರಿದ ಹಣೆ ಒರೆಸಿಕೊಂಡ ಟೀಚರ ಬೆರಳಿಗೆ ಕುಂಕುಮ ಹತ್ತಿತು, ಭರಣಿ ನೆನಪಾಯಿತು. ನೋಡನೋಡುತ್ತಿದ್ದಂತೆ ರೈಲು ಹೊರಟುಹೋಯಿತು. ಅದು ಈಗ ಎಲ್ಲಿ ಹೋಗುತ್ತಿದೆ ಎಂಬುದನ್ನು ಹೊಸ ಸಿಮ್ ನಕ್ಷೆಯ ಮೇಲೆ ಚಾಚೂ ತಪ್ಪದೆ ತೋರಿಸುತ್ತಿತ್ತು.